ಕೊನೆಯ ಮರದಾಚೆ

ಫೆಬ್ರವರಿ 11, ಮಂಗಳವಾರ

ಇವತ್ತು ತರಗತಿಯಲ್ಲಿ ಒಂದು ನಾಯಿ ನನ್ನ ತಲೆ ಕೆಡಿಸಿತು. ನಿಜವಾದ ನಾಯಿಯಲ್ಲ, ಕಥೆಯೊಳಗಿನದು.

‘ಬಂಡಾಯ ಮತ್ತು ಆತ್ಮನಾಶ: ಇಂದಿನ ಅಮೆರಿಕನ್ ಕಥೆ’ ಎಂದು ಈ ಕೋರ್ಸಿಗೆ ಹೆಸರಿಟ್ಟವಳು ನಾನೇ. ಹೆಸರು ಕೇಳಿಯೇ ಅರ್ಧ ಹುಡುಗರು ಬಂದು ಸೇರುತ್ತಾರೆ. ಮೊದಲು ಕೆಲವು ವಾರ ಬೇರೆಯವರ ಪುಸ್ತಕ ಓದುತ್ತೇವೆ: ಮನೆ ಬಿಟ್ಟು ಓಡುವವರು, ಕುಡಿದು ಹಾಳಾಗುವವರು, ಇದ್ದಬದ್ದದ್ದಕ್ಕೆಲ್ಲ ಬೆಂಕಿ ಇಡುವವರು. ಆಮೇಲೆ ಅವರವರ ಕಥೆ ಮೇಜಿಗೆ ಬರುತ್ತದೆ. ಇವತ್ತಿನ ಸರದಿ ಬ್ರಿನ್ ಸವೊಲಾಳದು. ನೀಲಿ ಕೂದಲಿನ ಹುಡುಗಿ, ಸದಾ ಅಂಗಿಯ ತೋಳಿನ ಅಂಚು ಕಚ್ಚುತ್ತ ಕೂತಿರುತ್ತಾಳೆ.

ಅವಳ ಕಥೆಯಲ್ಲಿ ಒಬ್ಬ ಹೆಂಗಸು ಮಧ್ಯಾಹ್ನ ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು, ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು ಓಡಿಸಿಕೊಂಡು ಹೋಗುತ್ತಾಳೆ. ಅದರ ಮೇಲೆ ದಾರಿಗುರುತಿಗೆಂದು ನೆಟ್ಟ ಕೊನೆಯ ಮರವನ್ನೂ ದಾಟಿ ಎಂಜಿನ್ ಆರಿಸುತ್ತಾಳೆ. ಕೆಳಗೆ ಮಂಜುಗಡ್ಡೆ ಲಟಲಟ ಎನ್ನುತ್ತದೆ. ಅಲ್ಲಿಯವರೆಗೂ ನನಗೆ ಮೈ ಜುಂ ಎಂದಿತ್ತು. ಆಮೇಲೆ ಅವಳಿಗೆ ನೆನಪಾಗುತ್ತದೆ: ನಾಯಿಯನ್ನು ಬೆಳಗಿನಿಂದ ಅಡುಗೆಮನೆಯಲ್ಲೇ ಕೂಡಿಹಾಕಿದ್ದೇನೆ, ಪಾಪ, ತಡೆದುಕೊಂಡಿರುತ್ತದೆ. ಕಾರು ತಿರುಗಿಸಿ ಮನೆಗೆ ಹೋಗಿ ಬಾಗಿಲು ತೆಗೆಯುತ್ತಾಳೆ. ಕಥೆ ಮುಗಿಯಿತು!

“ಇಡೀ ಕಥೆ ಕತ್ತಿ ಮಸ್ಕೊಂಡು ಬಂದು ಕೊನೇಲಿ ಬ್ರೆಡ್ಡಿಗೆ ಬೆಣ್ಣೆ ಸವರಿ ಹೋಯ್ತು,” ಎಂದ ಗ್ರೇಡಿ. ಅವನ ಕಥೆಗಳಲ್ಲಿ ಮೂರನೇ ಪುಟಕ್ಕೇ ಎಲ್ಲರೂ ಸತ್ತಿರುತ್ತಾರೆ.

ನಾನೂ ಬಿಡಲಿಲ್ಲ. “ಕೊನೆವರೆಗೂ ಹೋಗೋ ಧೈರ್ಯ ಈ ಪಾತ್ರಕ್ಕಿದೆ. ಲೇಖಕಿಗಿಲ್ಲ,” ಎಂದೆ. ಎಲ್ಲರೂ ಬರೆದುಕೊಂಡರು.

ನಮ್ಮ ಕಾರ್ಯಾಗಾರದ ನಿಯಮ ಎಂದರೆ ನಿಯಮ. ಕಥೆ ಚರ್ಚೆಯಲ್ಲಿರುವಾಗ ಬರೆದವರು ತುಟಿ ಬಿಚ್ಚುವಂತಿಲ್ಲ. ಉಳಿದವರು ಬರೆದವರನ್ನು ‘ನೀನು’ ಎನ್ನುವಂತಿಲ್ಲ. ‘ಪಾತ್ರ’, ‘ಲೇಖಕಿ’, ಅಷ್ಟೇ. ಇದು ನಿಜವಾಗಿ ನಡೆದದ್ದಾ ಎಂದು ಕೇಳಿದವರನ್ನು ನಾನು ಹೊರಗೆ ಕಳಿಸಿದ್ದೂ ಇದೆ. ಚರ್ಚೆ ಮುಗಿದ ಮೇಲೆ ಬರೆದವರು ಒಂದು ಪ್ರಶ್ನೆ ಕೇಳಬಹುದು.

ಬ್ರಿನ್ ಮುಖ ಕೆಂಪಾಗಿತ್ತು. “ಹಾಗಾದ್ರೆ ನಾಯಿಗೆ ಬಾಗಿಲು ಯಾರು ತೆಗೀಬೇಕಿತ್ತು?” ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಫೆಬ್ರವರಿ 13, ಗುರುವಾರ

ನ್ಯೂಯಾರ್ಕಿನಿಂದ ನನ್ನ ಏಜೆಂಟ್ ಫೋನ್ ಮಾಡಿದ್ದ. ಹೊಸ ಕಾದಂಬರಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲವಂತೆ. “ನಿನ್ನ ನಾಯಕಿ ಪಳಗಿಬಿಟ್ಟಿದ್ದಾಳೆ ರೋವೀನಾ. ಮೊದಲನೇ ಪುಸ್ತಕದ ಆ ಹುಡುಗಿ ಎಲ್ಲಿ ಹೋದ್ಲು?”

ಆ ಹುಡುಗಿಯನ್ನು ಕೊನೆಯ ಪುಟದಲ್ಲಿ ನಾನೇ ಕೊಂದಿದ್ದೆ. ಬಹುಮಾನ ಬಂದದ್ದೇ ಅದಕ್ಕೆ. ಈಗ ಎಲ್ಲಿಂದ ಎಬ್ಬಿಸಿಕೊಂಡು ಬರಲಿ?

ಅವನಿಗೆ ಹಾಗೆ ಹೇಳಲಿಲ್ಲ. “ಸರಿ ಬಿಡು, ಯೋಚನೆ ಮಾಡ್ತೀನಿ,” ಎಂದೆ. ಆಮೇಲೆ ಇಡೀ ಸಂಜೆ ಅಡುಗೆಮನೆಗೂ ಹಜಾರಕ್ಕೂ ಓಡಾಡಿದೆ. ಏನು ತರಲು ಹೋದೆ ಎಂಬುದು ಎರಡೂ ಕಡೆ ನೆನಪಾಗಲಿಲ್ಲ. ನಮ್ಮ ಬೆಕ್ಕು ಮೇಯರ್ ಸೋಫಾದ ಮೇಲೆ ಕೂತು ನನ್ನ ಮೆರವಣಿಗೆ ನೋಡಿತು.

ಫೆಬ್ರವರಿ 22, ಶನಿವಾರ

ಆ ನಾಯಿ ತಲೆಯಿಂದ ಇಳಿಯುತ್ತಲೇ ಇಲ್ಲ. ಅಲ್ಲಿ ಹೋಗಿ ಕೂತವಳಿಗೆ ನಾಯಿ ಹೇಗೆ ನೆನಪಾಗುತ್ತದೆ? ಸಾಧ್ಯವೇ ಇಲ್ಲ. ಆದರೆ ನೋಡದೆ ಹೇಗೆ ಹೇಳುವುದು? ನೋಡಿಯೇ ಬಿಡೋಣ ಎಂದು ಸರೋವರದ ಕೊಲ್ಲಿಗೆ ಹೋದೆ.

ಆರ್ವೊ ಸವೊಲಾ ಮಂಜುಗಡ್ಡೆಯ ಮೇಲೆ ಇಟ್ಟಿದ್ದ ತನ್ನ ಮೀನು ಹಿಡಿಯುವ ಗುಡಿಸಲಿನ ಮುಂದೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ. ಬ್ರಿನ್‌ಳ ದೊಡ್ಡಪ್ಪ. ಕ್ರಿಸ್ಮಸ್ ಮುಗಿದ ಮೇಲೆ ಊರವರೆಲ್ಲ ಬಿಸಾಡಿದ ಮರಗಳನ್ನು ಒಟ್ಟುಮಾಡಿ, ಮಂಜುಗಡ್ಡೆ ಕೊರೆದು ನೆಟ್ಟು, ದಾರಿ ಗುರುತು ಮಾಡುವವನು ಅವನೇ. ಒಂದೆರಡು ಮರಗಳಲ್ಲಿ ಇನ್ನೂ ಜರಿ ತೂಗಾಡುತ್ತಿತ್ತು.

“ಏನು ಪ್ರೊಫೆಸರ್, ಮೀನು ಹಿಡಿಯೋಕಾ?”

“ಕಥೆ ಹಿಡಿಯೋಕೆ.”

“ಅದು ಯಾವ ಹುಳಕ್ಕೆ ಬಾಯಿ ಹಾಕುತ್ತೆ?” ಎಂದು ನಕ್ಕ. ಕೈಚೀಲದಿಂದ ಪೇಸ್ಟಿ ತೆಗೆದು ಅರ್ಧ ಮುರಿದು ಕೊಟ್ಟ. ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ, ಇನ್ನೂ ಬಿಸಿ. ಎರಡು ತುತ್ತು ತಿಂದು ಜೇಬಿಗೆ ಹಾಕಿಕೊಂಡೆ. “ಕೊನೇ ಮರದವರೆಗೂ ಎಲ್ಲಿ ಬೇಕಾದ್ರೂ ಹೋಗಿ. ಅದರಾಚೆ ಬುಗ್ಗೆ ಇದೆ, ಅಡೀಲಿ ನೀರು ಹರಿಯುತ್ತೆ, ಐಸ್ ತೆಳು. ಅಲ್ಲಿಗೆ ನಾನು ಜವಾಬ್ದಾರ ಅಲ್ಲ.”

ಕೊನೆಯ ಮರದ ಹತ್ತಿರ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಗಾಳಿ. ದೂರದಲ್ಲಿ ನೀರು ಕಪ್ಪಗೆ ಕಾಣುತ್ತಿತ್ತು. ನಾಯಿ ನೆನಪಾಗಲಿಲ್ಲ. ನಾನು ಹೇಳಿದ್ದೇ ಸರಿ.

ಆದರೆ ಇದು ಸಾಕ್ಷಿಯಲ್ಲ. ಇಲ್ಲಿ ಅಪಾಯವೇ ಇಲ್ಲವಲ್ಲ.

ಮಾರ್ಚ್ 1

ಏನೂ ಬರೆಯಲಿಲ್ಲ. ಏನೂ ಓದಲಿಲ್ಲ. ನಿದ್ದೆಯೂ ಇಲ್ಲ. ಜೇಬಿಗೆ ಕೈ ಹಾಕಿದರೆ ಆರ್ವೊ ಕೊಟ್ಟ ಪೇಸ್ಟಿ ಹಾಗೇ ಕಲ್ಲಾಗಿತ್ತು.

ಮಾರ್ಚ್ 4, ಮಂಗಳವಾರ

ಬ್ರಿನ್ ಕೊಠಡಿಗೆ ಬಂದಿದ್ದಳು. ಕಥೆಯ ಎರಡನೇ ಕರಡಿನಲ್ಲಿ ನಾಯಿಯನ್ನು ತೆಗೆದುಹಾಕು ಎಂದೆ.

“ತೆಗೆಯಲ್ಲ.”

“ಯಾಕೆ?”

“ನಾಯಿ ತೆಗೆದ್ರೆ ಅವಳನ್ನ ವಾಪಸ್ ಕರ್ಕೊಂಡು ಬರೋರು ಯಾರು?”

“ಯಾರೂ ಬೇಡ. ಅದೇ ಅಲ್ವೇನೇ ಕಥೆ! ನಾನೇ ಅಲ್ಲಿಗೆ ಹೋಗಿ ಕೂತು ಬಂದೆ. ನಾಯಿ ಗೀಯಿ ಯಾವುದೂ ನೆನಪಾಗಲ್ಲ.”

ತೋಳಿನ ಅಂಚು ಕಚ್ಚುವುದು ನಿಂತಿತು. “ನೀವು ಹೋಗಿದ್ರಾ? ಎಲ್ಲಿಗೆ?”

“ಕೊಲ್ಲಿಗೆ. ಸಂಶೋಧನೆ.”

“ನಿಮಗೆ ನಾಯಿ ಇಲ್ವಲ್ಲ.”

“ಬೆಕ್ಕಿದೆ.”

“ಬೆಕ್ಕು ನೆನಪಾಯ್ತಾ?”

ಎಂಥ ಕಿಲಾಡಿ! ನಿಜ ಹೇಳಬೇಕೆಂದರೆ ಮರದ ಹತ್ತಿರ ಕೂತಿದ್ದಾಗ ಮೇಯರ್‌ನ ಊಟದ ಡಬ್ಬಿ ಮುಗಿದಿದೆ ಎಂಬುದು ಮನಸ್ಸಿಗೆ ಬಂದಿತ್ತು. ಅವಳಿಗೆ ಹೇಳಲಿಲ್ಲ. ಆದರೆ ಅವಳ ಮಾತಿನಲ್ಲಿ ಹುರುಳಿದೆ. ಬೆಕ್ಕು ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಅದು ಕಲಬೆರಕೆ ಪರೀಕ್ಷೆ.

ಮಾರ್ಚ್ 9, ಭಾನುವಾರ

ಮೇಯರ್‌ನನ್ನು ನಮ್ಮ ವಿಭಾಗದ ಕಚೇರಿಯ ವಾಂಡಾಗೆ ಕೊಟ್ಟೆ. ಅವಳಿಗೆ ಎಷ್ಟು ಖುಷಿ! “ಎಷ್ಟು ದಿನಕ್ಕೆ?” ಎಂದು ಕೇಳಿದಳು. “ನೋಡೋಣ,” ಎಂದೆ. ಬುಟ್ಟಿಯೊಳಗೆ ಹೋಗಲು ಒಪ್ಪದೆ ಮೇಯರ್ ನನ್ನ ಕೈಯೆಲ್ಲ ಪರಚಿತು. ಗಾಯಕ್ಕೆ ಏನೂ ಹಚ್ಚಲಿಲ್ಲ, ತಾನಾಗಿ ಒಣಗುತ್ತದೆ.

ಮನೆ ಎಷ್ಟು ಹಗುರವಾಗಿದೆ. ಮೊದಲೇ ಮಾಡಬೇಕಿತ್ತು.

ಮಾರ್ಚ್ 12, ಬುಧವಾರ

ಇವತ್ತು ಕೊನೆಯ ಮರ ದಾಟಿದೆ. ಹೆಚ್ಚೇನಿಲ್ಲ, ಕನ್ನಡಿಯಲ್ಲಿ ಮರ ಕಿರುಬೆರಳಷ್ಟು ಕಾಣುವವರೆಗೆ. ಎಂಜಿನ್ ಆರಿಸಿದ ಮೇಲೆ ಅಡಿಯಿಂದ ಸದ್ದು ಬಂತು, ಯಾರೋ ಕೆಳಗಿನ ಮಹಡಿಯಲ್ಲಿ ಭಾರದ ಬೀರು ಎಳೆದ ಹಾಗೆ. ಬ್ರಿನ್ ಅದನ್ನು ‘ಲಟಲಟ’ ಎಂದು ಬರೆದಿದ್ದಾಳೆ. ತಪ್ಪು. ತಿದ್ದಿಸಬೇಕು.

ಭಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ತಿಂಗಳುಗಳಿಂದ ತಲೆಯೊಳಗಿದ್ದ ಗಲಾಟೆ, ಆ ಏಜೆಂಟ್, ಆ ಹಸ್ತಪ್ರತಿ, ಐವತ್ತಾರು ವರ್ಷಕ್ಕೆ ಒಂದೇ ಒಂದು ಪುಸ್ತಕ ಎಂಬ ಆ ಕೊರಗು, ಎಲ್ಲ ಗಪ್‌ಚುಪ್. ಅಯ್ಯೋ, ಎಂಥ ಸುಖ! ಇದನ್ನು ಪುಟದ ಮೇಲೆ ತರಬಲ್ಲೆನಾದರೆ ಏಜೆಂಟ್ ಬಾಯಿ ಮುಚ್ಚಿಕೊಳ್ಳುತ್ತಾನೆ.

ವಾಪಸು ಬರಲು ಕಾರಣವೇನೂ ಇರಲಿಲ್ಲ. ಚಳಿಗೆ ಬೆರಳು ಮರಗಟ್ಟಿದ್ದರಿಂದ ಬಂದೆ.

ಮಾರ್ಚ್ 16, ಭಾನುವಾರ

ಅಕ್ಕ ಮಾರ್ಲಿಸ್ ದೂರದ ಗ್ರೀನ್ ಬೇ ಊರಿನಿಂದ ಫೋನ್ ಮಾಡಿದಳು. ಭಾನುವಾರ ಚರ್ಚ್ ಮುಗಿದ ಕೂಡಲೇ ಮಾಡುತ್ತಾಳೆ. ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ. ಅವಳು ಕೆಲಸ ಮಾಡುವ ಶಾಲೆಯ ಅಡುಗೆಮನೆ, ಅವಳ ಮಂಡಿನೋವು, ಮೊಮ್ಮಗನ ಹಾಕಿ ಪಂದ್ಯ, ಇವೆಲ್ಲ ಒಮ್ಮೆ ಕಿವಿಗೆ ಬಿದ್ದರೆ ಅಲ್ಲಿ ಕೂತಾಗ ಅವೇ ನೆನಪಾಗುತ್ತವೆ. ಪರೀಕ್ಷೆ ಕೆಡುತ್ತದೆ. ಆಮೇಲೆ ಫೋನನ್ನೇ ಆರಿಸಿ ಡ್ರಾಯರಿಗೆ ಹಾಕಿದೆ.

ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಊರಿನ ಗ್ರಂಥಾಲಯಕ್ಕೆ ಸಾಗಿಸಿದೆ. ಗೋಡೆಯಲ್ಲಿ ಅವು ಇದ್ದ ಜಾಗ ಬೇರೆ ಬಣ್ಣವಾಗಿದೆ. ಫ್ರಿಜ್ಜನ್ನೂ ಖಾಲಿ ಮಾಡಿ ಒರೆಸಿದೆ. ವಸಂತ ಬರುತ್ತಿದೆ, ಎಲ್ಲರೂ ಮನೆ ಗುಡಿಸುತ್ತಾರೆ.

ಮಾರ್ಚ್ 18, ಮಂಗಳವಾರ

ನನ್ನ ಕಂದು ಉಣ್ಣೆಯ ಕೋಟನ್ನು ಬ್ರಿನ್‌ಗೆ ಕೊಟ್ಟೆ. ಪಾಪ, ಆ ಹುಡುಗಿ ಇಡೀ ಚಳಿಗಾಲ ಒಂದು ತೆಳು ಜಾಕೆಟ್ಟಿನಲ್ಲಿ ಕಳೆದಿದ್ದಾಳೆ. ಖುಷಿಪಡುತ್ತಾಳೆ ಎಂದುಕೊಂಡರೆ ಮುಖ ಬಿಳಿಚಿಕೊಂಡಿತು.

“ಯಾಕೆ ಕೊಡ್ತಿದೀರ?”

“ಚಳಿ ಮುಗೀತಲ್ಲ, ನನಗ್ಯಾಕೆ?”

“ಇಲ್ಲಿ ಏಪ್ರಿಲ್ ತನಕ ಹಿಮ ಬೀಳುತ್ತೆ. ನೀವು ಹುಟ್ಟಿದ್ದೇ ಈ ಊರಲ್ಲಿ, ನಿಮಗೆ ಗೊತ್ತಿಲ್ವಾ?”

“ಕೊಟ್ಟಿದ್ದನ್ನ ಸುಮ್ನೆ ತಗೊಳ್ಳೋಕೆ ಏನು ದಾಡಿ ನಿನಗೆ?”

ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು ಏನೋ ಕೇಳಲು ಬಾಯಿ ತೆರೆದಳು. “ಬೆಕ್ಕು ಹೇಗಿದೆ?” ಎಂದಳು.

“ವಾಂಡಾ ಮನೇಲಿದೆ.”

ಕೋಟನ್ನು ಎದೆಗೆ ಒತ್ತಿಕೊಂಡು ಹೋದಳು. ಈ ಕಾಲದ ಹುಡುಗರಿಗೆ ಥ್ಯಾಂಕ್ಸ್ ಹೇಳುವುದನ್ನು ಯಾರೂ ಕಲಿಸಿಲ್ಲ.

ಮಾರ್ಚ್ 21, ಶುಕ್ರವಾರ

ಆರ್ವೊ ಜೊತೆ ಜಗಳವಾಯಿತು. ತಿಂಗಳು ಮುಗಿಯುವುದರೊಳಗೆ ಗುಡಿಸಲುಗಳನ್ನು ತೆಗೆಯಬೇಕು, ಅದು ಕಾನೂನು. ಅವನು ತನ್ನದನ್ನು ದಡಕ್ಕೆ ಎಳೆದುಕೊಂಡು, ಈಗ ಮರಗಳನ್ನೂ ಕೀಳುತ್ತಿದ್ದ. ಕಾರಿಗೆ ಅಡ್ಡ ಬಂದು ನಿಂತ.

“ಎಲ್ಲಿಗೆ?”

“ಯಾವಾಗ್ಲೂ ಹೋಗೋ ಕಡೆಗೆ.”

“ಮರದಾಚೆ ನಿಮ್ಮ ಗಾಲಿ ಗುರುತು ನೋಡಿದೀನಿ. ಒಂದಲ್ಲ, ಎಷ್ಟೋ ಸಲದ್ದು. ಪ್ರತಿ ಸಲ ಇನ್ನಷ್ಟು ದೂರ. ತಲೆ ನೆಟ್ಟಗಿದೆಯಾ ನಿಮಗೆ? ಐಸ್ ಒಳಗೆಲ್ಲ ಜೇನುಗೂಡಿನ ಹಾಗೆ ತೂತಾಗಿದೆ, ನಾನೇ ಈಗ ನಡ್ಕೊಂಡೇ ಹೋಗೋದು.”

“ಇನ್ನೂ ಗಟ್ಟಿ ಇದೆ. ನನಗೆ ಗೊತ್ತು. ಇದು ನನ್ನ ಕೆಲಸಕ್ಕೆ ಸಂಬಂಧಪಟ್ಟಿದ್ದು ಆರ್ವೊ.”

“ಅದೆಂಥ ಹಾಳು ಕೆಲಸ ಅದು!” ಎಂದು ಕೂಗಿದ. ಕೈಯಲ್ಲಿದ್ದ ಮರವನ್ನು ನನ್ನ ಬಾನೆಟ್ಟಿನ ಮೇಲೆ ಎಸೆದ. ಎಪ್ಪತ್ತರ ಮುದುಕ, ಎಂಥ ಸಿಟ್ಟು!

ಅವನೆದುರಿಗೆ ಕಾರು ಹಿಂದಕ್ಕೆ ತಿರುಗಿಸಿದೆ. ಸುತ್ತು ಹಾಕಿಕೊಂಡು ಕಲ್ಲುಗಣಿ ಕಡೆಯ ದಾರಿಯಿಂದ ಮಂಜುಗಡ್ಡೆಗೆ ಇಳಿದೆ. ಸ್ವಲ್ಪ ಹೊತ್ತು ಅಷ್ಟೇ. ಹಿಂದಿನ ಗಾಲಿ ಒಂದು ಕಡೆ ಚೂರು ಕುಸಿಯಿತು. ಅವಳು ಹೆದರಲಿಲ್ಲ. ಅವಳಿಗೆ ನಾಯಿಯಿಲ್ಲ, ಬೆಕ್ಕಿಲ್ಲ, ಕಾಯುವವರಿಲ್ಲ. ಅವಳು ಗಾಜು ಇಳಿಸಿ ಗಾಳಿ ಕುಡಿದಳು. ಹೀಗಿರಬೇಕು ಪಾತ್ರ.

ಮಾರ್ಚ್ 25, ಮಂಗಳವಾರ

ತರಗತಿ ಅರ್ಧಕ್ಕೇ ಬಿಟ್ಟು ನನ್ನ ಕೊಠಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಇವತ್ತು ಬ್ರಿನ್‌ಳ ಎರಡನೇ ಕರಡು. ತೆರೆದು ನೋಡಿದರೆ ಒಂದು ಪದವೂ ಬದಲಾಗಿಲ್ಲ! ಅದೇ ಲಟಲಟ, ಅದೇ ನಾಯಿ, ಅದೇ ಅಡುಗೆಮನೆಯ ಬಾಗಿಲು. ಗ್ರೇಡಿ ಆಕಳಿಸಿದ. ಉಳಿದವರು ಏನು ಹೇಳುವುದೋ ತಿಳಿಯದೆ ಪುಟ ಮಗುಚಿದರು.

ನಾನೇ ಶುರುಮಾಡಿದೆ. “ಈ ಲೇಖಕಿ ಮೊಂಡುತನವನ್ನೇ ಬಂಡಾಯ ಅಂದ್ಕೊಂಡಿರೋ ಹಾಗಿದೆ. ಪಾತ್ರ ಎಲ್ಲ ಹಗ್ಗಾನೂ ಕತ್ತರಿಸಿಕೊಂಡು ಅಲ್ಲಿಗೆ ಹೋಗಿದ್ದಾಳೆ. ಅಂಥವಳಿಗೆ ವಾಪಸ್ ಬರೋ ದಾರಿ ಇರಲ್ಲ. ಇರಬಾರದು. ಆ ಕ್ಷಣದಲ್ಲಿ ಅವಳಿಗೆ ಸಿಗೋ ಶಾಂತಿ ಇದೆಯಲ್ಲ, ಅದನ್ನ ಈ ಲೇಖಕಿ ಕಂಡೇ ಇಲ್ಲ.”

“ನೀವು ಕಂಡಿದೀರಾ?”

ಬ್ರಿನ್. ತನ್ನ ಕಥೆಯ ಚರ್ಚೆಯಲ್ಲಿ ಬಾಯಿ ಬಿಟ್ಟಳು!

“ನಿಯಮ,” ಎಂದೆ.

“ನಿಯಮ ಹಾಳಾಗಿ ಹೋಗ್ಲಿ. ದಿನಾ ಆ ಐಸ್ ಮೇಲೆ ಯಾಕೆ ಹೋಗ್ತೀರ? ದೊಡ್ಡಪ್ಪ ಹೇಳ್ದ. ಬೆಕ್ಕು ಯಾಕೆ ಕೊಟ್ರಿ? ಕೋಟು ಯಾಕೆ ಕೊಟ್ರಿ? ನಾನು ಪಾತ್ರದ ವಿಷಯ ಕೇಳ್ತಿಲ್ಲ, ನಿಮ್ಮನ್ನ ಕೇಳ್ತಿದೀನಿ. ನಿಮಗೇನಾಗಿದೆ?”

ಗ್ರೇಡಿ ಕೂಡ ನೆಟ್ಟಗೆ ಕೂತ. ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ನನ್ನನ್ನು ಯಾರೂ ಹೀಗೆ ಅವಮಾನ ಮಾಡಿಲ್ಲ. ಕಥೆಯನ್ನು ಓದಲು ಬಾರದವರು ಮಾತ್ರ ಬರೆದವರ ಬದುಕಿಗೆ ಕೈ ಹಾಕುತ್ತಾರೆ, ಓದಿದವರ ಬದುಕಿಗೆ ಕೈ ಹಾಕುವುದು ಇನ್ನೂ ಅಸಹ್ಯ. ಹಾಗೆಂದು ಹೇಳಿದೆ. “ಇವತ್ತಿಗೆ ಸಾಕು, ಎಲ್ಲರೂ ಹೊರಡಿ,” ಎಂದೆ.

ಸಾಕಾಗಿದೆ. ಯಾರ ಹತ್ತಿರವೂ ವಾದ ಬೇಡ. ಬಿಸಿಲು ಇನ್ನೂ ಇದೆ. ಈಗಲೇ ಹೊರಡುತ್ತೇನೆ. ಇವತ್ತು ಪೂರ್ತಿ ನೋಡಿ ಬಿಡುವುದು. ಡೈರಿಯನ್ನು ಮೇಜಿನ ಮೇಲೆಯೇ ಬಿಡುತ್ತೇನೆ, ಹೊತ್ತುಕೊಂಡು ಹೋಗಿ ಮಾಡುವುದೇನು?

ಮಾರ್ಚ್ 28, ಶುಕ್ರವಾರ

ಆಸ್ಪತ್ರೆ. ಈ ಡೈರಿಯನ್ನು ವಾಂಡಾ ತಂದುಕೊಟ್ಟಳು. ಪೆನ್ನಿಗಾಗಿ ನರ್ಸಿನ ಹತ್ತಿರ ಬೇಡಬೇಕಾಯಿತು. ಕೊನೆಗೆ ಮಕ್ಕಳು ಬಣ್ಣ ಹಚ್ಚುವ ದಪ್ಪ ಪೆನ್ನು ಕೊಟ್ಟಿದ್ದಾಳೆ, ನೇರಳೆ ಬಣ್ಣದ್ದು. ಬರೆದದ್ದು ಹುಟ್ಟುಹಬ್ಬದ ಕಾರ್ಡಿನ ಹಾಗೆ ಕಾಣುತ್ತಿದೆ.

ಮೇಲಿನ ಪುಟಗಳನ್ನು ಈಗ ಓದಿದೆ. ಇದನ್ನು ಒಬ್ಬ ವಿದ್ಯಾರ್ಥಿ ಬರೆದು ತಂದಿದ್ದರೆ ಮೊದಲ ಪುಟಕ್ಕೇ ನನಗೆ ತಿಳಿಯುತ್ತಿತ್ತು. ಅಥವಾ ತಿಳಿಯುತ್ತಿರಲಿಲ್ಲವೇನೋ. ಅಂಚಿನಲ್ಲಿ ‘ಭಾಷೆ ಚೆನ್ನಾಗಿದೆ’ ಎಂದು ಬರೆದು ಕಳಿಸುತ್ತಿದ್ದೆನೇನೋ.

ಮಂಗಳವಾರ ನಡೆದದ್ದನ್ನು ಬರೆಯುತ್ತೇನೆ.

ಕಾರಿಗೆ ಬೀಗ ಹಾಕುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ? ಹೋಗಿ ನೋಡಿದರೆ ಬ್ರಿನ್ ಒಳಗೆ ಕೂತಿದ್ದಾಳೆ. ನನ್ನ ಕಂದು ಕೋಟು ಹಾಕಿಕೊಂಡು, ಸೀಟ್‌ಬೆಲ್ಟ್ ಬಿಗಿದುಕೊಂಡು.

“ಇಳಿ,” ಎಂದೆ.

“ಸಂಶೋಧನೆ ಅಂದ್ರಲ್ಲ, ನಡೀರಿ. ನಾನೂ ಕಲಿಯೋಕೇ ಬಂದಿರೋದು.”

“ಬ್ರಿನ್, ತಮಾಷೆ ಸಾಕು.”

“ಕೊನೆವರೆಗೂ ಹೋಗಬೇಕು ಅಂತ ಹೇಳಿಕೊಟ್ಟೋರು ನೀವೇ. ನಡೀರಿ ಮತ್ತೆ.”

ಹೆದರಿ ದಾರಿಯಲ್ಲೇ ಇಳಿಯುತ್ತಾಳೆ ಎಂದುಕೊಂಡು ಹೊರಟೆ. ಪೆಟ್ರೋಲ್ ಬಂಕ್ ಹತ್ತಿರ ನಿಧಾನ ಮಾಡಿದೆ, ಇಳಿಯಲಿಲ್ಲ. ಕಲ್ಲುಗಣಿಯ ತಿರುವಿನಲ್ಲಿ ನಿಲ್ಲಿಸಿಯೇಬಿಟ್ಟೆ, ಇಳಿಯಲಿಲ್ಲ. ಮುಂದೆ ನೋಡುತ್ತ ಕೂತಿದ್ದಳು. ಕೊಲ್ಲಿಯ ಇಳಿಜಾರಿಗೆ ಬಂದೆವು. ದಡದ ಅಂಚಿನಲ್ಲಿ ಮಂಜುಗಡ್ಡೆ ಬೂದು ಬಣ್ಣಕ್ಕೆ ತಿರುಗಿ, ಮೇಲೆಲ್ಲ ನೀರು ನಿಂತಿತ್ತು. ಒಂದು ಮರವೂ ಉಳಿದಿರಲಿಲ್ಲ, ಆರ್ವೊ ಎಲ್ಲವನ್ನೂ ಕಿತ್ತು ದಡದಲ್ಲಿ ರಾಶಿ ಹಾಕಿದ್ದ. ಮುಂದಿನ ಗಾಲಿ ನೀರು ಮುಟ್ಟಿದ ಕೂಡಲೇ ನನ್ನ ಕಾಲು ಬ್ರೇಕಿನ ಮೇಲೆ ಹೋಗಿತ್ತು.

“ಹೋಗಿ,” ಎಂದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಿದ್ದಳು.

“ಹೋಗಲ್ಲ.”

“ಯಾಕೆ?”

“ಐಸ್ ತಡೆಯಲ್ಲ ಕಣೇ.”

“ನಾನು ಕೂತಿದ್ರೆ ತಡೆಯಲ್ವಾ? ನೀವೊಬ್ರೇ ಆದ್ರೆ ತಡೆಯುತ್ತಾ?”

ಕಾರು ಗುಂಯ್ ಎನ್ನುತ್ತ ನಿಂತಿತ್ತು, ವೈಪರ್ ಸುಮ್ಮನೆ ಆಡುತ್ತಿತ್ತು.

“ಯಾವಾಗಿಂದ ಗೊತ್ತು ನಿಮಗೆ, ತಡೆಯಲ್ಲ ಅಂತ?”

“ಗೊತ್ತಿತ್ತು,” ಎಂದೆ. ಅದು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. “ಶುಕ್ರವಾರಾನೇ ಗೊತ್ತಿತ್ತು. ಗಾಲಿ ಕುಸಿದಾಗ... ಅದಕ್ಕೂ ಮೊದಲೇ ಗೊತ್ತಿತ್ತೇನೋ. ಗೊತ್ತಿತ್ತು ಬ್ರಿನ್.”

ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ಮದುವೆ ಮುರಿದಾಗ ಅಳಲಿಲ್ಲ, ಅಮ್ಮ ಸತ್ತಾಗ ಅಳಲಿಲ್ಲ, ಈಗ ಒಬ್ಬ ಹುಡುಗಿಯ ಮುಂದೆ ಸಿಂಬಳ ಸುರಿಸಿಕೊಂಡು ಅತ್ತೆ. ಅವಳು ನನ್ನನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಕೈ ಚಾಚಿ ಎಂಜಿನ್ ಆರಿಸಿ ಕೀಲಿ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡಳು.

“ನಮ್ಮಮ್ಮ ಮೊದಲು ಕೋಟು ಕೊಟ್ಲು,” ಎಂದಳು. “ಚಿಕ್ಕಮ್ಮಂಗೆ. ಆಮೇಲೆ ಹೊಲಿಗೆ ಮೆಷಿನ್ ಕೊಟ್ಲು. ಮನೆಯೆಲ್ಲ ಕ್ಲೀನ್ ಮಾಡಿದ್ಲು. ತುಂಬ ಖುಷಿಯಾಗಿದ್ಲು ಆ ವಾರ, ಪಾಪ. ನಾವೂ ಖುಷಿಪಟ್ವಿ. ನಾನು ಸ್ಕೂಲಿಂದ ಬರೋ ಹೊತ್ತಿಗೆ ನಾಯಿ ಅಡುಗೆಮನೇಲಿ ಕೂಗ್ತಿತ್ತು. ಬಾಗಿಲು ತೆಗೆದಿದ್ದು ನಾನು.”

ಒಂದೂವರೆ ತಿಂಗಳು ನಾನು ಆ ನಾಯಿಯನ್ನು ಹೊಡೆದು ಓಡಿಸಲು ನೋಡಿದ್ದೆ. ಇಡೀ ತರಗತಿಯ ಮುಂದೆ ನಕ್ಕಿದ್ದೆ. ಕ್ಷಮಿಸು ಎಂದೆನೋ ಇಲ್ಲವೋ, ನೆನಪಿಲ್ಲ. ಹೇಳಲು ಹೊರಟದ್ದಂತೂ ನಿಜ.

ಅವಳು ತನ್ನ ಫೋನ್ ತೆಗೆದಳು. “ಯಾರಿಗೆ ಮಾಡ್ಲಿ?”

“ಯಾರಿಗೂ ಬೇಡ.”

“ಯಾರಿಗೆ ಮಾಡ್ಲಿ ಅಂದೆ.”

ನನಗೆ ಬಾಯಿಪಾಠ ಬರುವುದು ಒಂದೇ ನಂಬರು. ಹೇಳಿದೆ. ಒತ್ತಿ ನನ್ನ ಕಿವಿಗೆ ಹಿಡಿದಳು.

“ಯಾರು?” ಎಂದಳು ಮಾರ್ಲಿಸ್. ಹಿಂದೆ ಪಾತ್ರೆಗಳ ಸದ್ದು.

“ನಾನು.”

“ರೋವಿ! ಎಲ್ಲಿ ಹಾಳಾಗಿ ಹೋಗಿದ್ದೆ? ಒಂದು ವಾರದಿಂದ ಒದ್ದಾಡ್ತಿದೀನಿ, ಫೋನ್ ಎತ್ತಲ್ಲ, ಮೆಸೇಜ್ ನೋಡಲ್ಲ, ನಾನೇನು ನಿನ್ನ ವಿದ್ಯಾರ್ಥೀನಾ, ಅಪಾಯಿಂಟ್‌ಮೆಂಟ್ ತಗೊಂಡು...” ತಟ್ಟನೆ ನಿಲ್ಲಿಸಿದಳು. “ಅಳ್ತಿದ್ದೀಯಾ? ಏನಾಯ್ತೇ?”

“ಮಾರ್ಲಿಸ್, ನಾನು ಐಸ್ ಮೇಲೆ ಹೋಗ್ತಿದ್ದೆ. ಕಾರಲ್ಲಿ. ಎಷ್ಟೋ ದಿನದಿಂದ.”

ಅವಳು ಓದಿದವಳಲ್ಲ. ನನ್ನ ಪುಸ್ತಕವನ್ನೂ ಅರ್ಧಕ್ಕೆ ಬಿಟ್ಟವಳು. ಸುತ್ತಿಬಳಸಿ ಮಾತಾಡಲು ಬಾರದು.

“ಸಾಯೋಕಾ?” ಎಂದಳು.

“ಹೂಂ.”

ಆ ಕಡೆ ಏನೋ ದಡಾರನೆ ಬಿತ್ತು. “ಕೀಲಿ ಎಲ್ಲಿಟ್ಟೆ, ನನ್ನ ಕಾರಿನ ಕೀಲಿ ನೋಡಿದ್ರೇನ್ರೋ ಯಾರಾದ್ರೂ!” ಎಂದು ಯಾರಿಗೋ ಕಿರುಚಿದಳು. ಆಮೇಲೆ ನನಗೆ: “ಬರ್ತಿದೀನಿ. ಫೋನ್ ಇಡಬೇಡ. ಕೇಳ್ತಾ? ಏನೇ ಆಗ್ಲಿ ಫೋನ್ ಮಾತ್ರ ಇಡಬೇಡ.”

ದಡದಲ್ಲಿ ಕಾರು ಕಂಡು ಓಡಿಬಂದ ಆರ್ವೊ ತನ್ನ ಟ್ರಕ್ಕಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಬಂದ. ಅವನು ಮೂಗು ಒರೆಸಿಕೊಳ್ಳುತ್ತಲೇ ಇದ್ದ. ಹೊರಗಿನ ಬೆಂಚಿನ ಮೇಲೆ ಕೂತೆವು, ಒಂದು ಕಡೆ ಬ್ರಿನ್, ಇನ್ನೊಂದು ಕಡೆ ಅವನು. ಒಳಗೆ ಡಾಕ್ಟರು ಏನೇನೋ ಕೇಳಿದರು. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಉತ್ತರ ಹೇಳಿದೆ, ಅವರೂ ಬೇಡ ಎನ್ನಲಿಲ್ಲ. ಮಾರ್ಲಿಸ್ ದಾರಿಯುದ್ದಕ್ಕೂ ಮಾತಾಡಿದಳು. ಮುಂದೆ ಹೋಗುತ್ತಿದ್ದ ಮರದ ದಿಮ್ಮಿಯ ಲಾರಿಯವನಿಗೆ ಬೈದಳು. ಮೊಮ್ಮಗ ಹಾಕಿಯಲ್ಲಿ ಹಲ್ಲು ಮುರಿದುಕೊಂಡದ್ದು ಹೇಳಿದಳು. ಮೆನೊಮಿನಿ ದಾಟಿದೆ ಎಂದಳು, ಎಸ್ಕನಾಬಾ ದಾಟಿದೆ ಎಂದಳು. ಕಾಡಿನ ನಡುವೆ ಸಿಗ್ನಲ್ ಹೋಗಿ ಸದ್ದು ನಿಂತುಹೋದಾಗ ಇವಳಿಗೆ ಏನಾದರೂ ಆಯಿತೇ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಮತ್ತೆ ಕರಕರ ಎಂದು ಅವಳ ದನಿ ಬಂತು.

“ರೋವಿ? ಇದ್ದೀಯೇನೇ?”

“ಇದ್ದೀನಿ ಕಣೇ,” ಎಂದೆ. “ನೀನು ನಿಧಾನ ಬಾ.”